ಒಂದೊಂದು ‘ಆಮೇಲೆ’ಗೂ ಒಂದೊಂದು ಹೆಸರು

ನಾನು ಕೈ ಹಾಕಿದ ಮೆಥಡ್‌ಗಳಲ್ಲಿ (ಪ್ರೋಗ್ರಾಮಿನೊಳಗೆ ಒಂದು ಹೆಸರಿಟ್ಟು, ಬೇಕಾದಾಗ ಕರೆಯುವ ಕೋಡ್ ತುಣುಕೇ ಮೆಥಡ್) ಅತಿ ಉದ್ದದ್ದು 412 ಸಾಲು ಇತ್ತು. ಹೆಸರು ‘ಪ್ರಾಸೆಸ್’. ಅಷ್ಟೇ. ಏನನ್ನು ಪ್ರಾಸೆಸ್ ಮಾಡುತ್ತದೆ, ಮಾಡಿ ಏನು ಕೊಡುತ್ತದೆ ಅಂತ ತಿಳಿಯಬೇಕಾದರೆ ಒಳಗೆ ಇಳಿಯಲೇಬೇಕಿತ್ತು. ಇಳಿದವರು ಅಷ್ಟು ಬೇಗ ಮೇಲೆ ಬರುತ್ತಿರಲಿಲ್ಲ.

ಅದು ಆರ್ಡರ್ ರದ್ದು ಮಾಡುವ ಕೋಡ್. ಗ್ರಾಹಕರು ‘ಕ್ಯಾನ್ಸಲ್’ ಒತ್ತಿದ ಮೇಲೆ ನಡೆಯಬೇಕಾದ್ದೆಲ್ಲ ಅದರೊಳಗೇ ಇತ್ತು. ಶುರುವಿನಲ್ಲಿ 40 ಸಾಲು ಇತ್ತಂತೆ. ಯಾರೋ ಕೂಪನ್ ಸೇರಿಸಿದರು, ಇನ್ಯಾರೋ ಅರ್ಧ ಆರ್ಡರ್ ಮಾತ್ರ ರದ್ದು ಮಾಡುವ ಸೌಲಭ್ಯ ತಂದರು, ಮತ್ಯಾರೋ ರಿಲೀಸ್‌ನ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಒಂದು ಇಫ್ (‘ಹೀಗಿದ್ದರೆ ಹೀಗೆ ಮಾಡು’ ಅನ್ನೋ ಷರತ್ತು) ತುರುಕಿ, ‘ಆಮೇಲೆ ಸರಿ ಮಾಡೋಣ’ ಅಂತ ಕಾಮೆಂಟ್ ಬರೆದು ಕೆಲಸ ಬಿಟ್ಟೇ ಹೋದರು. ಇವತ್ತು 400 ಸಾಲಿನ ಮೆಥಡ್ ಬರೀತೀನಿ ಅಂತ ಯಾರೂ ಕೂತು ಬರೆಯುವುದಿಲ್ಲ. ಅದು ಒಂದು ಸಲಕ್ಕೆ ಐದೈದು ಸಾಲಿನಂತೆ ಬೆಳೆಯುತ್ತದೆ, ಮತ್ತು ಆ ಐದು ಸಾಲು ಸೇರಿಸಿದ ದಿನ ಪ್ರತಿಯೊಬ್ಬರಿಗೂ ಅದೇ ಸರಿ ಅನ್ನಿಸಿರುತ್ತದೆ. ಬೇರೆಯವರನ್ನು ಬೈಯೋದು ಸುಲಭ. ಆ 412ರಲ್ಲಿ ಸುಮಾರು 60 ಸಾಲು ನನ್ನವೇ.

ಒಂದು ದಿನ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಬಂದು ಕೇಳಿದಳು: “ಸರ್, ಈ ‘ಮೊತ್ತ’ ಅನ್ನೋ ವೇರಿಯಬಲ್ ಎಲ್ಲೆಲ್ಲಿ ಬದಲಾಗತ್ತೆ?” ಹುಡುಕಿದೆ. ಒಂಬತ್ತು ಕಡೆ. ಮೇಲಿನ ಭಾಗದಲ್ಲಿ ಅದು ಗ್ರಾಹಕರು ಕಟ್ಟಿದ ಹಣ, ನಡುವೆ ಎಲ್ಲೋ ಕೂಪನ್ ಕಳೆದ ಹಣ, ಕೊನೆಗೆ ಬರುವಷ್ಟರಲ್ಲಿ ವಾಪಸ್ ಕೊಡಬೇಕಾದ ಹಣ. ಒಂದೇ ಹೆಸರು, ಮೂರು ಅರ್ಥ. ನಾನು ವಿವರಿಸೋಕೆ ಹೋಗಿ ಸಾಲು 180ರ ಹತ್ತಿರ ನಾನೇ ದಾರಿ ತಪ್ಪಿದೆ. ಆಗ ಅವಳು ಅಂದಳು: “ಕೋಡ್ ಬಿಡಿ ಸರ್. ಇದು ಏನ್ ಮಾಡತ್ತೆ ಅಂತ ಸುಮ್ನೆ ಬಾಯಲ್ಲಿ ಹೇಳಿ.”

ಹೇಳಿದೆ. “ಮೊದಲು ಈ ಆರ್ಡರ್ ರದ್ದು ಮಾಡಬಹುದಾ ಅಂತ ನೋಡತ್ತೆ. ಆಮೇಲೆ ಎಷ್ಟು ಹಣ ವಾಪಸ್ ಕೊಡಬೇಕು ಅಂತ ಲೆಕ್ಕ ಹಾಕತ್ತೆ. ಆಮೇಲೆ ಹಣ ವಾಪಸ್ ಕಳಿಸತ್ತೆ. ಆಮೇಲೆ ಸ್ಟಾಕ್ ಮತ್ತೆ ಸೇರಿಸತ್ತೆ. ಆಮೇಲೆ ಗ್ರಾಹಕರಿಗೆ ಒಂದು ಮೇಲ್ ಹಾಕತ್ತೆ.”

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಐದು ಸಾಲು. ಆ ಪುಟವನ್ನು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು, ಯಾಕೆಂದರೆ ನಮಗೆ ಬೇಕಿದ್ದ ಕೋಡ್ ಅಲ್ಲೇ ಇತ್ತು:

ರದ್ದು_ಮಾಡು(ಆರ್ಡರ್):
    ರದ್ದು_ಮಾಡಬಹುದಾ(ಆರ್ಡರ್) ಇಲ್ಲದಿದ್ದರೆ ನಿಲ್ಲಿಸು
    ಮೊತ್ತ = ವಾಪಸ್_ಮೊತ್ತ(ಆರ್ಡರ್)
    ಹಣ_ವಾಪಸ್_ಕಳಿಸು(ಆರ್ಡರ್, ಮೊತ್ತ)
    ಸ್ಟಾಕ್_ಮತ್ತೆ_ಸೇರಿಸು(ಆರ್ಡರ್)
    ಗ್ರಾಹಕರಿಗೆ_ಮೇಲ್_ಹಾಕು(ಆರ್ಡರ್, ಮೊತ್ತ)

(ನಿಜವಾದ ಕೋಡ್ ಜಾವಾದಲ್ಲಿತ್ತು, ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಇಲ್ಲಿ ನನ್ನ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಾವಾ, ಪೈಥಾನ್ 3 ಎರಡೂ ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತವೆ, ಕೋಡ್ ನೋಡಿ ರಿವ್ಯೂ ಮಾಡುವ ಸಹೋದ್ಯೋಗಿಗಳು ಒಪ್ಪುತ್ತಾರಾ ಅನ್ನೋದು ಬೇರೆ ಮಾತು.)

ಅವತ್ತಿನಿಂದ ನಾನು ಉದ್ದದ ಮೆಥಡ್ ಕಂಡಾಗ ಮಾಡುವ ಮೊದಲ ಕೆಲಸ ಇದೇ. ಪಕ್ಕದವರನ್ನು ಕೂರಿಸಿಕೊಂಡು ಬಾಯಲ್ಲಿ ಹೇಳುತ್ತೇನೆ. ‘ಆಮೇಲೆ’ ಬಂದ ಜಾಗದಲ್ಲಿ ಕತ್ತರಿ. ಆ ‘ಆಮೇಲೆ’ಯ ಮುಂದೆ ನಾನು ಹೇಳಿದ ಮಾತೇ ಹೆಸರು. ಹೇಳುತ್ತಾ ಹೇಳುತ್ತಾ ‘ಅದೇನೋ ಒಂದು ಮಾಡತ್ತೆ’ ಅಂತ ಬಾಯಿಗೆ ಬಂದರೆ, ಆ ಭಾಗ ನನಗೇ ಅರ್ಥ ಆಗಿಲ್ಲ ಅಂತ ಲೆಕ್ಕ. ಅಲ್ಲಿ ಕತ್ತರಿ ಹಾಕುವ ಮೊದಲು ಓದಬೇಕು.

ಹೀಗೆ ಒಂದು ತುಣುಕನ್ನು ಕತ್ತರಿಸಿ, ಹೆಸರು ಕೊಟ್ಟು, ಬೇರೆ ಮೆಥಡ್ ಮಾಡುವ ತಂತ್ರಕ್ಕೆ ‘ಎಕ್ಸ್‌ಟ್ರ್ಯಾಕ್ಟ್ ಮೆಥಡ್’ ಅಂತ ಹೆಸರಿದೆ. ಮಾರ್ಟಿನ್ ಫೌಲರ್ 1999ರಲ್ಲಿ ರಿಫ್ಯಾಕ್ಟರಿಂಗ್ ಬಗ್ಗೆ ಬರೆದ ಪುಸ್ತಕದಿಂದ ಇದು ಎಲ್ಲರ ಬಾಯಿಗೆ ಬಂತು. ಅದಕ್ಕೂ ಮೊದಲು, 1992ರಲ್ಲೇ, ವಿಲಿಯಂ ಓಪ್‌ಡೈಕ್ ಅನ್ನುವವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಿಫ್ಯಾಕ್ಟರಿಂಗ್ ಮೇಲೆ ಪಿಎಚ್‌ಡಿ ಮಾಡಿದ್ದರು. ರಿಫ್ಯಾಕ್ಟರಿಂಗ್ ಅಂದರೆ ಒಂದೇ ಷರತ್ತು: ಹೊರಗಿನಿಂದ ನೋಡಿದರೆ ಪ್ರೋಗ್ರಾಮ್ ಮೊದಲು ಏನು ಮಾಡುತ್ತಿತ್ತೋ ಆಮೇಲೂ ಅದನ್ನೇ ಮಾಡಬೇಕು. ಒಳಗಿನ ಜೋಡಣೆ ಮಾತ್ರ ಬದಲಾಗಬೇಕು. ಹೇಳೋಕೆ ಒಂದು ವಾಕ್ಯ, ಪಾಲಿಸೋಕೆ ಪ್ರಾಣ ಹೋಗುತ್ತದೆ. ಅದರ ಕಥೆ ಕೆಳಗೆ ಬರುತ್ತದೆ.

ಎಷ್ಟು ಸಾಲು ಇದ್ದರೆ ಉದ್ದ? ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಉತ್ತರ ಹುಡುಕಿದರೆ ತಲೆ ತಿರುಗುತ್ತದೆ. ಕೋಡ್ ತಪಾಸಣೆ ಮಾಡುವ ಟೂಲ್‌ಗಳನ್ನೇ ನೋಡಿ: ರೂಬಿ ಭಾಷೆಯ ರೂಬೋಕಾಪ್ ತಾನಾಗಿ ಇಟ್ಟುಕೊಂಡಿರುವ ಮಿತಿ 10 ಸಾಲು. ಜಾವಾಸ್ಕ್ರಿಪ್ಟ್‌ನ ಇಎಸ್‌ಲಿಂಟ್‌ನಲ್ಲಿ ಇದಕ್ಕೊಂದು ನಿಯಮ ಇದೆ, ಅದನ್ನು ಆನ್ ಮಾಡಿದರೆ 50. ಜಾವಾದ ಚೆಕ್‌ಸ್ಟೈಲ್‌ಗೆ 150 ಸಾಲಿನ ತನಕ ಬೇಸರವೇ ಇಲ್ಲ. ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿದ್ದ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು, ಫಂಕ್ಷನ್ (ಮೆಥಡ್ ಥರದ್ದೇ) ಒಂದು ಹಾಳೆಯಲ್ಲಿ ಪ್ರಿಂಟ್ ಆಗುವಷ್ಟೇ ಇರಲಿ, ಅಂದರೆ ಸುಮಾರು 60 ಸಾಲು, ಅನ್ನುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರದ್ದು ಇನ್ನೂ ಚೆಂದ. ಫಂಕ್ಷನ್ ಒಂದೆರಡು ಸ್ಕ್ರೀನ್‌ಗಿಂತ ಜಾಸ್ತಿ ಬೇಡ, ಆ ಸ್ಕ್ರೀನ್ ಅಂದರೆ 80 ಅಕ್ಷರ ಅಗಲ 24 ಸಾಲು ಎತ್ತರ, ಆದರೆ ಒಳಗೆ ಬರೀ ಒಂದು ಉದ್ದನೆಯ ಸರಳ ಸ್ವಿಚ್ (ಒಂದೊಂದು ಮೌಲ್ಯಕ್ಕೆ ಒಂದೊಂದು ಕೆಲಸ ಹೇಳುವ ಪಟ್ಟಿ) ಇದ್ದರೆ ಉದ್ದ ಇದ್ದರೂ ಪರವಾಗಿಲ್ಲ, ಜಟಿಲವಾದಷ್ಟೂ ಚಿಕ್ಕದಾಗಬೇಕು ಅಂತ ಅವರ ಬರಹದಲ್ಲೇ ಇದೆ.

ನನಗೆ ಇದು ಸರಿ ಅನ್ನಿಸುತ್ತದೆ. 90 ಸಾಲಿನ ಒಂದು ಮೆಥಡ್ ಬರೀ ಕೋಡ್ ಸಂಖ್ಯೆಯಿಂದ ಸಂದೇಶ ಆರಿಸುವ ಪಟ್ಟಿ ಆಗಿದ್ದರೆ ಯಾರಿಗೂ ತೊಂದರೆ ಇಲ್ಲ. 25 ಸಾಲಿನಲ್ಲಿ ಐದು ಇಫ್ ಒಂದರೊಳಗೊಂದು ಕೂತಿದ್ದರೆ ಅದೇ ದೊಡ್ಡ ತಲೆನೋವು. 1976ರಲ್ಲೇ ಥಾಮಸ್ ಮೆಕೇಬ್ ಸಾಲು ಎಣಿಸುವುದು ಬಿಟ್ಟು ದಾರಿಗಳನ್ನು ಎಣಿಸಿ ಅಂದಿದ್ದರು. ಇಫ್, ಲೂಪ್ ಇತ್ಯಾದಿ ಸೇರಿ ಕೋಡ್ ಎಷ್ಟು ಕಡೆ ಕವಲೊಡೆಯುತ್ತದೆ ಅನ್ನೋದರ ಲೆಕ್ಕ ಅದು. 10 ದಾಟಿದರೆ ಹುಷಾರು ಅನ್ನೋದು ಅವರ ಅಂದಾಜು. ನಮ್ಮ ‘ಪ್ರಾಸೆಸ್’ ಮೇಲೆ ಇದನ್ನು ಎಣಿಸುವ ಟೂಲ್ ಓಡಿಸಿದಾಗ 97 ಬಂತು. ಯಾರೂ ನಗಲಿಲ್ಲ.

ಈಗ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಸಾಲು 63:

ಆರ್ಡರ್.ಸ್ಥಿತಿ < 3 ಅಥವಾ (ಆರ್ಡರ್.ಸ್ಥಿತಿ == 4 ಮತ್ತು ಈಗ - ಆರ್ಡರ್.ತಲುಪಿದ_ಸಮಯ < 172800) ಆದರೆ

ಇದರ ಮೇಲೊಂದು ಕಾಮೆಂಟ್ ಇತ್ತು: ‘ರದ್ದು ಮಾಡಬಹುದಾ ನೋಡು’. 3 ಅಂದರೆ ಏನು, 4 ಅಂದರೆ ಏನು, 172800 ಎಲ್ಲಿಂದ ಬಂತು? ಕ್ಯಾಲ್ಕ್ಯುಲೇಟರ್ ತೆಗೆದು ನೋಡಿದರೆ 48 ಗಂಟೆಯನ್ನು ಸೆಕೆಂಡಿನಲ್ಲಿ ಬರೆದದ್ದು. ಅದನ್ನು ಹೀಗೆ ಮಾಡಿದೆವು:

ರದ್ದು_ಮಾಡಬಹುದಾ(ಆರ್ಡರ್):
    ಇನ್ನೂ_ಕಳಿಸಿಲ್ಲವಾ(ಆರ್ಡರ್) ಅಥವಾ ತಲುಪಿ_48_ಗಂಟೆ_ಆಗಿಲ್ಲವಾ(ಆರ್ಡರ್)

ಕಾಮೆಂಟ್ ಬೇಕಾಗಲಿಲ್ಲ, ಯಾಕೆಂದರೆ ಕಾಮೆಂಟೇ ಹೆಸರಾಯಿತು. ಇದು ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ. ಉದ್ದದ ಮೆಥಡ್‌ನೊಳಗೆ ಖಾಲಿ ಸಾಲು ಬಿಟ್ಟು, ಒಂದು ಕಾಮೆಂಟ್ ಹಾಕಿ, ಅದರ ಕೆಳಗೆ ಹತ್ತು ಹದಿನೈದು ಸಾಲು ಬರೆದಿದ್ದಾರೆ ಅಂದರೆ, ಬರೆದವರಿಗೇ ಅದು ಬೇರೆ ಕೆಲಸ ಅಂತ ಗೊತ್ತಿತ್ತು. ಕತ್ತರಿಸೋ ಗೆರೆ ಅವರೇ ಎಳೆದಿಟ್ಟು ಹೋಗಿದ್ದಾರೆ.

ಹೆಸರು ಕೊಟ್ಟ ಮೇಲೆ ಇನ್ನೊಂದು ವಿಷಯ ಹೊರಬಂತು. ಇದೇ ಪರೀಕ್ಷೆ ಆ 412 ಸಾಲಿನೊಳಗೆ ಮೂರು ಕಡೆ ಇತ್ತು. ಎರಡು ಕಡೆ 172800. ಮೂರನೇ ಕಡೆ 86400. ಅಂದರೆ ಕೂಪನ್ ಬಳಸಿದವರಿಗೆ ಮಾತ್ರ 24 ಗಂಟೆ. ಇದು ನಿಯಮವಾ, ಮರೆವಾ? ಬರೀ ಅಂಕಿ ನೋಡುತ್ತಿದ್ದಾಗ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ‘ತಲುಪಿ_48_ಗಂಟೆ_ಆಗಿಲ್ಲವಾ’ ಅಂತ ಬರೆದು ಮೂರು ಕಡೆಯೂ ಅದನ್ನೇ ಹಾಕೋಕೆ ಹೋದಾಗ ಮೂರನೆಯದು ಹೊಂದಲಿಲ್ಲ.

ನನಗೆ ಅಲ್ಲೇ ಸರಿ ಮಾಡಿಬಿಡುವ ಆಸೆ ಆಯಿತು. ಮಾಡಲಿಲ್ಲ. ಮೂರನೆಯದಕ್ಕೆ ‘ಕೂಪನ್_ಆರ್ಡರ್_ತಲುಪಿ_24_ಗಂಟೆ_ಆಗಿಲ್ಲವಾ’ ಅಂತ ಬೇರೆ ಹೆಸರು ಕೊಟ್ಟು ಇದ್ದ ಹಾಗೇ ಬಿಟ್ಟೆವು, ಮತ್ತು ವ್ಯವಹಾರ ನೋಡಿಕೊಳ್ಳುವವರಿಗೆ ಕೇಳಿದೆವು. ಅವರು ನಾಲ್ಕು ದಿನ ತೆಗೆದುಕೊಂಡು ‘ಅದು ಮರೆವು, 48 ಮಾಡಿ’ ಅಂದರು. ಆ ಬದಲಾವಣೆ ಬೇರೆ ಕಮಿಟ್‌ನಲ್ಲಿ, ಅಂದರೆ ಕೋಡ್‌ನ ಇತಿಹಾಸದಲ್ಲಿ ಬೇರೆಯೇ ದಾಖಲೆಯಾಗಿ, ಹೋಯಿತು. ಜೋಡಣೆ ಬದಲಿಸುವ ಕಮಿಟ್, ನಡತೆ ಬದಲಿಸುವ ಕಮಿಟ್, ಎರಡನ್ನೂ ಒಂದರಲ್ಲಿ ಬೆರೆಸಿದರೆ ನಾಳೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಕೋಡ್ ಸರಿಯಾಗಿ ಓಡುತ್ತದಾ ಅಂತ ತಾನಾಗೇ ಪರೀಕ್ಷಿಸುವ ಟೆಸ್ಟ್ ಇತ್ತಾ ಅಂತ ಕೇಳ್ತೀರಾ? ಇರಲಿಲ್ಲ. 412 ಸಾಲಿನ ಮೆಥಡ್‌ಗೆ ಟೆಸ್ಟ್ ಬರೆಯುವುದು ಎಷ್ಟು ಕಷ್ಟ ಅಂದರೆ ಅದಕ್ಕೇ ಯಾರೂ ಬರೆದಿರುವುದಿಲ್ಲ. ನಾವು ಮಾಡಿದ್ದು ಹೀಗೆ: ಹಳೆಯ ಆರ್ಡರ್‌ಗಳಲ್ಲಿ ಬೇರೆ ಬೇರೆ ಥರದ್ದನ್ನು 200 ಆರಿಸಿ, ಟೆಸ್ಟ್ ಡೇಟಾಬೇಸಿನಲ್ಲಿ ಅವುಗಳ ಮೇಲೆ ಹಳೇ ಮೆಥಡ್ ಓಡಿಸಿ, ಕೊನೆಗೆ ಬಂದ ಮೊತ್ತ, ಸ್ಟಾಕ್, ಮೇಲ್‌ನ ಪಠ್ಯ ಎಲ್ಲವನ್ನೂ ಫೈಲಿನಲ್ಲಿ ಉಳಿಸಿಕೊಂಡೆವು. ಸರಿಯೋ ತಪ್ಪೋ ನೋಡಲಿಲ್ಲ. ಈಗ ಏನು ಬರುತ್ತಿದೆಯೋ ಅದು ಅಷ್ಟೇ. ಪ್ರತಿ ಸಲ ಒಂದು ತುಣುಕು ಹೊರಗೆ ತೆಗೆದಾಗ ಮತ್ತೆ ಓಡಿಸಿ ಹೋಲಿಸುವುದು. ಇದಕ್ಕೆ ‘ಕ್ಯಾರೆಕ್ಟರೈಸೇಶನ್ ಟೆಸ್ಟ್’ ಅನ್ನುತ್ತಾರೆ. ನನಗೆ ಅದು ಮನೆ ಖಾಲಿ ಮಾಡುವ ಮುಂಚೆ ಫೋಟೋ ತೆಗೆದಿಟ್ಟುಕೊಂಡ ಹಾಗೆ.

ಕತ್ತರಿಸುವ ಕೆಲಸ ಮಾತ್ರ ಕೈಯಲ್ಲಿ ಮಾಡಬೇಡಿ. ಇಂಟೆಲಿಜೆ ಅನ್ನೋ ಕೋಡ್ ಎಡಿಟರ್ ಬಳಸುವವರು ಸಾಲುಗಳನ್ನು ಆಯ್ದು ಕಂಟ್ರೋಲ್, ಆಲ್ಟ್, ಎಂ ಒತ್ತಿದರೆ ಅದೇ ಹೊಸ ಮೆಥಡ್ ಮಾಡಿ, ಯಾವ ವೇರಿಯಬಲ್ ಒಳಗೆ ಹೋಗಬೇಕು, ಯಾವುದು ವಾಪಸ್ ಬರಬೇಕು ಅಂತ ಲೆಕ್ಕ ಹಾಕುತ್ತದೆ. ಹೆಸರು ಬದಲಿಸೋಕೆ ಶಿಫ್ಟ್ ಮತ್ತು ಎಫ್6, ವಿಎಸ್ ಕೋಡ್‌ನಲ್ಲಿ ಎಫ್2. ಕಾಪಿ ಪೇಸ್ಟ್ ಮಾಡಿ ನಾನು ಒಂದು ಸಲ ಒಂದೇ ಸಾಲು ಬಿಟ್ಟುಹೋಗಿ ಇಡೀ ಸಂಜೆ ಹುಡುಕಿದ್ದೇನೆ.

ಟೂಲ್ ಕೆಲವೊಮ್ಮೆ ತಕರಾರು ಮಾಡುತ್ತದೆ. ಈ ತುಣುಕಿನಿಂದ ಎರಡು ಮೂರು ಮೌಲ್ಯ ಹೊರಗೆ ಬೇಕಾಗಿದೆ, ಒಂದೇ ಮೆಥಡ್ ಅಷ್ಟನ್ನೂ ವಾಪಸ್ ಕೊಡೋಕೆ ಆಗಲ್ಲ ಅಂತ. ಇಲ್ಲಾಂದರೆ ಏಳು ಪ್ಯಾರಾಮೀಟರ್ (ಒಳಗೆ ಕಳಿಸಬೇಕಾದ ಮೌಲ್ಯ) ಇರುವ ಮೆಥಡ್ ಮಾಡಿಕೊಟ್ಟು ಸುಮ್ಮನಾಗುತ್ತದೆ. ಆಗ ಜಗಳ ಟೂಲ್ ಜೊತೆ ಅಲ್ಲ. ನೀವು ಕತ್ತರಿ ಹಾಕಿದ ಜಾಗ ಸರಿಯಿಲ್ಲ ಅಂತ ಅರ್ಥ, ಅಥವಾ ಆ ಏಳರಲ್ಲಿ ನಾಲ್ಕು ಯಾವಾಗಲೂ ಒಟ್ಟಿಗೇ ಓಡಾಡುತ್ತವೆ, ಅವಕ್ಕೊಂದು ಮನೆ ಬೇಕು ಅಂತ ಅರ್ಥ. ನಮ್ಮಲ್ಲಿ ಕಟ್ಟಿದ ಹಣ, ಕೂಪನ್, ಸಾಗಾಟದ ಖರ್ಚು, ತೆರಿಗೆ ಈ ನಾಲ್ಕೂ ಹಾಗೇ ಓಡಾಡುತ್ತಿದ್ದವು. ಅವನ್ನು ‘ಬಿಲ್’ ಅನ್ನೋ ಒಂದು ಚಿಕ್ಕ ಕ್ಲಾಸ್‌ಗೆ ಹಾಕಿದ ಮೇಲೆ ಒಂಬತ್ತು ಸಲ ಬದಲಾಗುತ್ತಿದ್ದ ‘ಮೊತ್ತ’ ತಾನಾಗೇ ಕರಗಿಹೋಯಿತು.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಅಲ್ಲಿ. ಕತ್ತರಿಸೋದು ಟೂಲ್ ಮಾಡುತ್ತದೆ, ಹೆಸರು ನಾವೇ ಇಡಬೇಕು.

ನಾನು ಹೆಸರನ್ನು ಮೊದಲು ಕನ್ನಡದಲ್ಲಿ ಯೋಚಿಸುತ್ತೇನೆ. ಆಮೇಲೆ ಇಂಗ್ಲಿಷಿಗೆ ತಿರುಗಿಸುತ್ತೇನೆ. ಇದು ಭಾಷಾಭಿಮಾನ ಅಲ್ಲ, ಅನುಕೂಲ. ಕನ್ನಡದಲ್ಲಿ ಮಾತಿನ ಬಾಲ ನೋಡಿದರೆ ಸಾಕು. ಪ್ರಶ್ನೆಯಾದರೆ ಕೊನೆಗೆ ‘ಆ’ ಬರುತ್ತದೆ: ಮಾಡಬಹುದಾ, ಇದೆಯಾ, ಆಗಿಲ್ಲವಾ. ಕೆಲಸ ಹೇಳುವುದಾದರೆ ಹೆಚ್ಚಾಗಿ ‘ಉ’: ಕಳಿಸು, ಸೇರಿಸು, ಹಾಕು. ಎರಡೂ ಅಲ್ಲದೆ ಒಂದು ಮೌಲ್ಯ ಕೊಡುವುದಾದರೆ ಬರೀ ನಾಮಪದ: ವಾಪಸ್ ಮೊತ್ತ, ಬಾಕಿ ದಿನಗಳು. ಒಂದು ಮೆಥಡ್ ಈ ಮೂರರಲ್ಲಿ ಯಾವುದು ಅಂತ ಬಾಲದಿಂದಲೇ ಗೊತ್ತಾಗಬೇಕು. ಜೊತೆಗೆ, ಇಂಗ್ಲಿಷಿನಲ್ಲಿ ‘ಹ್ಯಾಂಡಲ್’, ‘ಮ್ಯಾನೇಜ್’, ‘ಪ್ರಾಸೆಸ್’ ಅಂತ ಬರೆದರೆ ಏನೋ ಗಂಭೀರವಾಗಿ ಕಾಣುತ್ತದೆ. ಅದನ್ನೇ ಕನ್ನಡದಲ್ಲಿ ‘ಆರ್ಡರ್ ನಿಭಾಯಿಸು’ ಅನ್ನಿ ನೋಡೋಣ. ಎದುರಿಗಿದ್ದವರು “ನಿಭಾಯಿಸೋದು ಅಂದ್ರೆ ಏನ್ ಮಾಡೋದು?” ಅಂತ ಕೇಳೇ ಕೇಳುತ್ತಾರೆ. ಆ ಪ್ರಶ್ನೆಗೆ ನೀವು ಕೊಡುವ ಉತ್ತರ ಇದೆಯಲ್ಲ, ಹೆಸರು ಅದಾಗಬೇಕು.

ಹೆಸರಿನಲ್ಲಿ ‘ಮತ್ತು’ ಬಂದರೆ ಅದೂ ಒಂದು ಸುಳಿವು. ‘ಲೆಕ್ಕ_ಹಾಕಿ_ಉಳಿಸು’ ಅಂದರೆ ಎರಡು ಕೆಲಸ. ಕೆಲವರು ‘ಮತ್ತು’ ಬರಬಾರದು ಅಂತ ಹೆಸರಿನಿಂದ ಅರ್ಧ ತೆಗೆದು ‘ಲೆಕ್ಕ_ಹಾಕು’ ಅಂತಷ್ಟೇ ಇಡುತ್ತಾರೆ, ಉಳಿಸುವುದು ಒಳಗೆ ಗುಟ್ಟಾಗಿ ನಡೆಯುತ್ತಿರುತ್ತದೆ. ಇದು ಉದ್ದದ ಮೆಥಡ್‌ಗಿಂತ ಕೆಟ್ಟದ್ದು. ನನಗೆ ಹೇಗೆ ಗೊತ್ತು ಅಂದರೆ ನಾನು ಅದನ್ನೇ ಮಾಡಿದ್ದೇನೆ, ಇದೇ ರದ್ದು ಮಾಡುವ ಕೋಡ್‌ನಲ್ಲಿ.

ಮೇಲೆ ‘ರದ್ದು_ಮಾಡಬಹುದಾ’ ಅಂತ ಚೊಕ್ಕವಾಗಿ ಎರಡು ಪ್ರಶ್ನೆ ತೋರಿಸಿದೆನಲ್ಲ, ಅದು ಎರಡನೇ ಪ್ರಯತ್ನ. ಮೊದಲ ಪ್ರಯತ್ನದಲ್ಲಿ ನಾನು ಸಾಲು 58ರಿಂದ 90ರ ತನಕ ಹಾಗೇ ಆಯ್ದು, ಮೊದಲ ಸಾಲಿನ ಕಾಮೆಂಟ್ ನೋಡಿ ಆ ಹೆಸರು ಕೊಟ್ಟಿದ್ದೆ. 33 ಸಾಲು. ಅದರಲ್ಲಿ ಸಾಲು 81ರ ಹತ್ತಿರ, ವಾಲೆಟ್‌ನಿಂದ ಹಣ ಕಟ್ಟಿದವರಿಗೆ ಅಲ್ಲೇ ವಾಲೆಟ್‌ಗೆ ಹಣ ವಾಪಸ್ ಹಾಕುವ ಒಂದು ಕರೆ ಇತ್ತು. ಯಾರೋ ಯಾವಾಗಲೋ ‘ಹೇಗೂ ಇಲ್ಲಿಗೆ ಬಂದಿದ್ದೀವಿ, ಹಾಕಿಬಿಡೋಣ’ ಅಂತ ಹಾಕಿದ್ದು. ಉದ್ದದ ಮೆಥಡ್ ಇದ್ದಾಗ ಅದು ಒಂದೇ ಸಲ ಓಡುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ನಾನು ತೆಗೆದ ಮೇಲೂ ಒಂದೇ ಸಲ ಓಡುತ್ತಿತ್ತು. 200 ಆರ್ಡರ್‌ಗಳ ಹೋಲಿಕೆ ಪಾಸ್. ಖುಷಿಯಾಗಿ ಮನೆಗೆ ಹೋದೆ.

ಮೂರು ವಾರದ ಮೇಲೆ ಇನ್ನೊಬ್ಬ ಗೆಳೆಯ ಆರ್ಡರ್ ಪುಟದಲ್ಲಿ ‘ಕ್ಯಾನ್ಸಲ್’ ಬಟನ್ ತೋರಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡೋಕೆ ಒಂದು ಮೆಥಡ್ ಹುಡುಕಿದ. ‘ರದ್ದು_ಮಾಡಬಹುದಾ’ ಸಿಕ್ಕಿತು. ಎಷ್ಟು ಒಳ್ಳೆಯ ಹೆಸರು! ಕರೆದ. ಅವನದ್ದೇನೂ ತಪ್ಪಿಲ್ಲ. ಕೊನೆಯಲ್ಲಿ ‘ಆ’ ಇದ್ದ ಮೇಲೆ ಅದು ಪ್ರಶ್ನೆ, ಪ್ರಶ್ನೆ ಎಷ್ಟು ಸಲ ಕೇಳಿದರೂ ಏನೂ ಆಗಬಾರದು. ಅವತ್ತು ಮಧ್ಯಾಹ್ನದಿಂದ ವಾಲೆಟ್‌ನಲ್ಲಿ ಹಣ ಕಟ್ಟಿದ್ದ ಗ್ರಾಹಕರು ತಮ್ಮ ಆರ್ಡರ್ ಪುಟ ತೆರೆದಾಗಲೆಲ್ಲ ಅವರ ವಾಲೆಟ್‌ಗೆ ಹಣ ಬರತೊಡಗಿತು. ರಿಫ್ರೆಶ್ ಒತ್ತಿದರೆ ಮತ್ತೆ. ಯಾರೂ ದೂರು ಕೊಡಲಿಲ್ಲ ಅಂತ ಬೇರೆ ಹೇಳಬೇಕಾ!

ಎರಡೂವರೆ ಗಂಟೆಯಲ್ಲಿ ಗೊತ್ತಾಯಿತು, ನಿಲ್ಲಿಸಿದೆವು, ಲೆಕ್ಕ ಸರಿ ಮಾಡೋಕೆ ಮಾತ್ರ ಒಂದು ವಾರ ಹಿಡಿಯಿತು. ಐಫೆಲ್ ಭಾಷೆ ಮಾಡಿದ ಬರ್ಟ್ರಂಡ್ ಮೇಯರ್ ಬಹಳ ಹಿಂದೆಯೇ ಇದಕ್ಕೊಂದು ನಿಯಮ ಹೇಳಿದ್ದರು. ಒಂದು ಮೆಥಡ್ ಒಂದೋ ಉತ್ತರ ಹೇಳಬೇಕು, ಇಲ್ಲವೋ ಏನಾದರೂ ಬದಲಿಸಬೇಕು, ಎರಡನ್ನೂ ಮಾಡಬಾರದು. ನಾನು ಅದನ್ನು ಓದಿದ್ದೆ. ಓದಿದ್ದು ಬೇರೆ, 33 ಸಾಲು ಪೂರ್ತಿ ನೋಡಿ ಹೆಸರಿಡುವುದು ಬೇರೆ.

ಈ ಅನುಭವದ ನಂತರ, ಚಿಕ್ಕ ಮೆಥಡ್‌ಗಳನ್ನು ವಿರೋಧಿಸುವವರ ಮಾತು ನನಗೆ ಸ್ವಲ್ಪ ಅರ್ಥ ಆಯಿತು. ಆಟದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ 2007ರಲ್ಲಿ ಒಂದು ಇಮೇಲ್‌ನಲ್ಲಿ ವಾದಿಸಿದ್ದು ಹೆಚ್ಚುಕಡಿಮೆ ಇದೇ. ಒಂದೇ ಕಡೆಯಿಂದ ಕರೆಯುವ ಫಂಕ್ಷನ್ ಇದ್ದರೆ ಅದನ್ನು ಅಲ್ಲೇ ಬರೆದುಬಿಡುವುದು ವಾಸಿ, ಯಾಕೆಂದರೆ ಹೊರಗೆ ತೆಗೆದಿಟ್ಟರೆ ನಾಳೆ ಯಾರಾದರೂ ಕರೆಯಬಾರದ ಹೊತ್ತಿನಲ್ಲಿ ಕರೆಯುತ್ತಾರೆ. ನಮಗೆ ಆಗಿದ್ದು ಥೇಟ್ ಅದೇ. ಆದರೂ ನಾನು ಪೂರ್ತಿ ಅವರ ಕಡೆ ಇಲ್ಲ. ತುಣುಕನ್ನು ಹೊರಗೆ ಇಡುವುದರಿಂದ ಅಪಾಯ ಬರುತ್ತದೆ, ನಿಜ. ಆದರೆ ಹೆಸರು ನಿಜ ಹೇಳಿದ್ದರೆ, ‘ರದ್ದು_ಪರೀಕ್ಷಿಸಿ_ವಾಲೆಟ್‌ಗೆ_ಹಣ_ಹಾಕು’ ಅಂತ ಇದ್ದಿದ್ದರೆ, ಆ ಗೆಳೆಯ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹೆಸರು ವಿಕಾರವಾಗಿರುತ್ತಿತ್ತು, ಒಪ್ಪುತ್ತೇನೆ. ವಿಕಾರವಾದ ಕೋಡ್‌ಗೆ ವಿಕಾರವಾದ ಹೆಸರೇ ಸರಿ. ನೋಡಿದವರಿಗೆ ಕಿರಿಕಿರಿಯಾಗಿ ಯಾರಾದರೂ ಸರಿ ಮಾಡುತ್ತಾರೆ.

ಅತಿಯಾಗಿ ಕತ್ತರಿಸುವ ಚಟವೂ ನನಗೆ ಒಂದು ಕಾಲದಲ್ಲಿ ಇತ್ತು. ಪ್ರತಿ ಮೆಥಡ್ ಮೂರೇ ಸಾಲು ಇರಬೇಕು ಅಂತ ಹಠ. ರಿವ್ಯೂನಲ್ಲಿ ಒಬ್ಬ ಸ್ನೇಹಿತ ಬರೆದ: “ಗುರು, ಹನ್ನೊಂದು ಟ್ಯಾಬ್ ಓಪನ್ ಮಾಡಿದೀನಿ, ಲೆಕ್ಕ ಎಲ್ಲಿ ನಡೀತಿದೆ ಅಂತ ಇನ್ನೂ ಸಿಕ್ಕಿಲ್ಲ.” ಅವನು ಹೇಳಿದ್ದು ನಿಜ. ‘ತೆರಿಗೆ_ಸೇರಿಸು’ ಒಳಗೆ ‘ತೆರಿಗೆ_ಸೇರಿಸಿದ_ಮೊತ್ತ’, ಅದರೊಳಗೆ ‘ತೆರಿಗೆ_ಲೆಕ್ಕ’, ಅದರೊಳಗೆ ಒಂದು ಗುಣಾಕಾರ. ಹೆಸರು ಒಳಗಿನ ಸಾಲಿಗಿಂತ ಹೆಚ್ಚೇನೂ ಹೇಳದಿದ್ದರೆ ಅದನ್ನು ವಾಪಸ್ ಒಳಗೇ ಸೇರಿಸಿಬಿಡಬೇಕು. ಅದಕ್ಕೂ ಇಂಟೆಲಿಜೆಯಲ್ಲಿ ಕೀಲಿ ಇದೆ: ಕಂಟ್ರೋಲ್, ಆಲ್ಟ್, ಎನ್. ಈ ಕೀಲಿಯನ್ನು ಒತ್ತುವುದು ಸೋಲಲ್ಲ. ನಾನು ಹಲವು ಸಲ ಎಲ್ಲವನ್ನೂ ಮೊದಲು ಒಂದೇ ಕಡೆ ಸೇರಿಸಿ, ಇನ್ನೂ ಉದ್ದ ಮಾಡಿ, ಆಮೇಲೆ ಬೇರೆ ಜಾಗದಲ್ಲಿ ಕತ್ತರಿಸಿದ್ದೇನೆ.

ವೇಗ ಕಮ್ಮಿ ಆಗಲ್ವಾ ಅಂತ ಹಳಬರು ಕೇಳುತ್ತಾರೆ. ಜಾವಾದಲ್ಲಿ ಉಲ್ಟಾ. ಜಾವಾ ಪ್ರೋಗ್ರಾಮನ್ನು ಓಡಿಸುವ ಹಾಟ್‌ಸ್ಪಾಟ್ ಚಿಕ್ಕ ಮೆಥಡ್‌ಗಳನ್ನು ಕರೆದ ಜಾಗದಲ್ಲೇ ತಾನಾಗಿ ಸೇರಿಸಿಬಿಡುತ್ತದೆ. ಬೈಟ್‌ಕೋಡ್ (ಜಾವಾ ಕೋಡ್ ಕಂಪೈಲ್ ಆದ ಮೇಲಿನ ರೂಪ) 8000 ಬೈಟ್ ದಾಟಿದ ಮೆಥಡನ್ನು ಮಾತ್ರ, ನೀವು ಬೇರೆ ಹೇಳದ ಹೊರತು, ಅದು ಮೆಷಿನ್ ಕೋಡ್‌ಗೆ ತಿರುಗಿಸುವ ಗೋಜಿಗೇ ಹೋಗುವುದಿಲ್ಲ. 65,535 ಬೈಟ್ ದಾಟಿದರೆ ಕಂಪೈಲೇ ಆಗುವುದಿಲ್ಲ. ಡೇಟಾಬೇಸ್ ಕರೆ ಇರುವ ಮೆಥಡನ್ನು ಮಾತ್ರ ಮೂರು ಕಡೆ ಕರೆಯುವ ಮುಂಚೆ ಯೋಚಿಸಿ. ಅಲ್ಲಿ ಸಮಯ ನಿಜವಾಗಿಯೂ ಹೋಗುತ್ತದೆ.

ಹೀಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಮಾಡಿ ‘ಪ್ರಾಸೆಸ್’ ಮುಗಿಯಿತು. ಒಟ್ಟು ಸಾಲು ಕಮ್ಮಿ ಆಗಲಿಲ್ಲ, 440ರ ಹತ್ತಿರ ಹೋಯಿತು. ಮೇಲಿನ ಮೆಥಡ್ ಮಾತ್ರ ಆ ನೋಟ್‌ಬುಕ್ ಪುಟದ ಥರವೇ ಇದೆ, ಒಂದು ಸಾಲು ಜಾಸ್ತಿ. ಆ ಒಂದು ಸಾಲು ನಾನು ಬಾಯಲ್ಲಿ ಹೇಳುವಾಗ ಬಿಟ್ಟುಹೋಗಿದ್ದ ‘ಅದೇನೋ ಒಂದು ಮಾಡತ್ತೆ’. ಕೊನೆಯ 19 ಸಾಲು ಹಳೆಯ ಯಾವುದೋ ಟೇಬಲ್‌ಗೆ ರದ್ದಾದ ಆರ್ಡರ್ ವಿವರ ಬರೆಯುತ್ತಿತ್ತು. ಆ ಟೇಬಲನ್ನು ಯಾರು ಓದುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೋಡ್‌ನಲ್ಲಿ ಹುಡುಕಿದೆವು, ಸಿಗಲಿಲ್ಲ. ತೆಗೆಯೋಕೆ ಧೈರ್ಯ ಇಲ್ಲ, ವಾಲೆಟ್ ಕಥೆ ಇನ್ನೂ ಬಿಸಿ ಇತ್ತು. ಒಳ್ಳೆಯ ಹೆಸರು ಕೊಡೋಣ ಅಂದರೆ ಏನು ಅಂತಲೇ ಗೊತ್ತಿಲ್ಲ. ಕೊನೆಗೆ ಇದ್ದದ್ದನ್ನೇ ಬರೆದೆ: ‘ಹಳೇ_ಟೇಬಲ್‌ಗೆ_ಬರೆ_ಯಾರಿಗೆ_ಅಂತ_ಗೊತ್ತಿಲ್ಲ’. ರಿವ್ಯೂನಲ್ಲಿ ಎರಡು ನಗುವ ಮುಖ ಬಂತು, ಯಾರೂ ಬೇರೆ ಹೆಸರು ಸೂಚಿಸಲಿಲ್ಲ, ಹಾಗೇ ಹೋಯಿತು.

ಸುಮಾರು ಎರಡು ತಿಂಗಳ ಮೇಲೆ ಒಂದು ರಾತ್ರಿ ಡೇಟಾಬೇಸ್ ಸ್ವಲ್ಪ ಹೊತ್ತು ಕೈಕೊಟ್ಟಿತು. ಎರರ್ ಲಾಗ್‌ನಲ್ಲಿ ಸ್ಟ್ಯಾಕ್ ಟ್ರೇಸ್, ಅಂದರೆ ಯಾವ ಮೆಥಡ್‌ನಲ್ಲಿ ಕೆಟ್ಟಿತು ಅನ್ನೋ ಪಟ್ಟಿ, ಬಿತ್ತು. ಮೊದಲಾಗಿದ್ದರೆ ‘ಪ್ರಾಸೆಸ್, ಸಾಲು 397’ ಅಂತ ಇರುತ್ತಿತ್ತು, ನಾವು ಫೈಲ್ ತೆರೆದು ಎಣಿಸುತ್ತಿದ್ದೆವು. ಈ ಸಲ ಆ ಉದ್ದನೆಯ ಹೆಸರು ಪೂರ್ತಿ ಬಂದಿತ್ತು. ಆ ಲಾಗ್‌ಗಳು ಎಲ್ಲ ಟೀಮ್‌ಗಳಿಗೂ ಕಾಣುವ ಚಾನೆಲ್‌ಗೆ ಹೋಗುತ್ತವೆ. ಬೆಳಿಗ್ಗೆ ಲೆಕ್ಕಪತ್ರದ ರಿಪೋರ್ಟ್ ಮಾಡುವ ಟೀಮಿನಿಂದ, ನಾನು ಯಾವತ್ತೂ ಮಾತಾಡಿಸಿರದ ಒಬ್ಬರು ಅದರ ಕೆಳಗೆ ಬರೆದಿದ್ದರು: “ಅದು ನಮಗೆ. ಆಡಿಟ್‌ನವರಿಗೆ ಪ್ರತಿ ತಿಂಗಳು ಅಲ್ಲಿಂದಲೇ ಕೊಡುತ್ತೇವೆ. ದಯವಿಟ್ಟು ತೆಗೆಯಬೇಡಿ.”

ಶಿಫ್ಟ್, ಎಫ್6. ‘ಆಡಿಟ್_ಟೇಬಲ್‌ಗೆ_ಬರೆ’.